ಇಳಿಜಾರಿನ ಮೇಲೆ ಮೂವತ್ತು ವರ್ಷ

ರಿಬೇರಾ ಸಾಕ್ರಾ ಎಂಬ ಹೆಸರು ಹೊತ್ತ ವೈನ್ ಬಾಟಲಿಯ ಬೆನ್ನಿನ ಮೇಲೆ ಕ್ರಮಸಂಖ್ಯೆಯುಳ್ಳ ಒಂದು ಸಣ್ಣ ಚೀಟಿ ಅಂಟಿರುತ್ತದೆ. ವೈನ್ ಮಾಡಿದ ಮಾತ್ರಕ್ಕೆ ಆ ಚೀಟಿ ಸಿಗುವುದಿಲ್ಲ. ದ್ರಾಕ್ಷಿ ಯಾವ ತುಂಡು ನೆಲದ್ದು, ಯಾವ ತಳಿಯದು, ಎಷ್ಟು ಕಿಲೋ ಕೊಯ್ದದ್ದು ಎಂಬ ಲೆಕ್ಕ ಒಪ್ಪಿಸಬೇಕು. ವೈನನ್ನು ಪ್ರಯೋಗಾಲಯದ ಪರೀಕ್ಷೆಗೂ ರುಚಿ ನೋಡುವವರ ನಾಲಗೆಗೂ ಒಡ್ಡಬೇಕು. ಅದೆಲ್ಲ ದಾಟಿದ ಮೇಲೆ ಮೊನ್‌ಫೋರ್ಟೆ ದೆ ಲೆಮೋಸ್ ಪಟ್ಟಣದಲ್ಲಿರುವ ಒಂದು ಹಳೆಯ ಕಲ್ಲುಮನೆಯಿಂದ ಚೀಟಿಗಳು ಎಣಿಸಿ ಬರುತ್ತವೆ. ಆ ಮನೆಯಲ್ಲಿರುವುದು ರಿಬೇರಾ ಸಾಕ್ರಾ ನಿಯಂತ್ರಣ ಮಂಡಳಿ. ಅಲ್ಲಿಯವರ ಬಾಯಲ್ಲಿ ಕೊನ್ಸೆಲ್ಯೊ ರೆಗುಲಾದೋರ್. ಸ್ಪೇನಿನ ವಾಯವ್ಯ ಮೂಲೆಯ ಗಲೀಸಿಯಾ ಸೀಮೆಯಲ್ಲಿ 1996ರಲ್ಲಿ ಹುಟ್ಟಿದ ಈ ಸಂಸ್ಥೆಗೆ 2026ಕ್ಕೆ ಮೂವತ್ತು ತುಂಬುತ್ತದೆ.

ವೈನ್ ಮಂಡಳಿಯ ಚರಿತ್ರೆ ಎಂದರೆ ಸಾಮಾನ್ಯವಾಗಿ ಬಾಟಲಿಗಳ ಲೆಕ್ಕ, ರಫ್ತಿನ ಲೆಕ್ಕ, ಪದಕಗಳ ಪಟ್ಟಿ. ಇಲ್ಲಿ ಅದರಿಂದ ಶುರುಮಾಡಲು ನನಗೆ ಮನಸ್ಸಿಲ್ಲ. ರಿಬೇರಾ ಸಾಕ್ರಾದ ನದಿಕಣಿವೆಯ ಅಂಚಿನಲ್ಲಿ ನಿಂತು ಕೆಳಗೆ ನೋಡಿದವರಿಗೆ ಮೊದಲು ಕಾಣುವುದು ದ್ರಾಕ್ಷಿಯಲ್ಲ, ಗೋಡೆ. ಈ ಮಂಡಳಿ ಮಾಡಿದ್ದೇನು, ಮಾಡಬೇಕಾದ್ದೇನು ಎಂಬುದು ತಿಳಿಯುವುದೂ ಆ ಗೋಡೆಗಳಿಂದಲೇ.

ಸಿಲ್ ನದಿ ಪೂರ್ವದ ಬೆಟ್ಟಗಳಿಂದ ಹರಿದು ಬಂದು ಓಸ್ ಪೆಆರೆಸ್ ಎಂಬ ಊರಿನ ಬಳಿ ಮಿನ್ಯೋ ನದಿಯನ್ನು ಕೂಡುತ್ತದೆ. ನೀರೆಲ್ಲ ಸಿಲ್‌ನದು, ಹೆಸರೆಲ್ಲ ಮಿನ್ಯೋನದು ಎಂದು ಗಲೀಸಿಯಾದ ಜನ ಹಿಂದಿನಿಂದಲೂ ಹೇಳಿಕೊಂಡು ಬಂದಿದ್ದಾರೆ. ಕೂಡುವ ಮೊದಲು ಸಿಲ್ ಕೊರೆದಿರುವ ಕಮರಿ ಕೆಲವೆಡೆ 500 ಮೀಟರ್ ಆಳವಿದೆ. ಬಂಡೆ ಸೀದಾ ನೀರಿಗಿಳಿಯದ ಕಡೆಗಳಲ್ಲೆಲ್ಲ ಮನುಷ್ಯ ಮಜಲು ಕಟ್ಟಿದ್ದಾನೆ. ಗಾರೆ ಇಲ್ಲ, ಸುಣ್ಣವಿಲ್ಲ. ಅಲ್ಲೇ ಸಿಕ್ಕ ಪದರಗಲ್ಲನ್ನೂ ಕಗ್ಗಲ್ಲನ್ನೂ ಒಂದರ ಮೇಲೊಂದು ಕೂರಿಸಿ ಎಬ್ಬಿಸಿದ ಗೋಡೆ. ಅದರ ಹಿಂದೆ ಹೊತ್ತು ತಂದು ಸುರಿದ ಮಣ್ಣು. ಆ ಮಣ್ಣಿನಲ್ಲಿ ಒಂದೋ ಎರಡೋ ಸಾಲು ಬಳ್ಳಿ. ಇದಕ್ಕೆ ಅಲ್ಲಿ ಸೊಕಾಲ್ಕೊ ಎನ್ನುತ್ತಾರೆ. ಕೆಲವು ಮಜಲುಗಳ ಅಗಲ ಒಂದು ಚಾಪೆ ಹಾಸಿದರೆ ಮುಗಿಯಿತು. ಮೇಲಿನ ಮಜಲಿಗೆ ಹತ್ತಲು ಗೋಡೆಯೊಳಗಿಂದಲೇ ಕಲ್ಲುಗಳನ್ನು ಹೊರಚಾಚಿ ಮೆಟ್ಟಿಲು ಬಿಟ್ಟಿದ್ದಾರೆ. ಬೆನ್ನಿಗೆ ದ್ರಾಕ್ಷಿ ಬುಟ್ಟಿ ಹೊತ್ತವನು ಆ ಕಲ್ಲುಗಳ ಮೇಲೆ ಹೆಜ್ಜೆ ಇಡುತ್ತ ಏರಬೇಕು. ಇಳಿಜಾರು ಶೇಕಡಾ 80ನ್ನು ಮೀರುವ ಜಾಗಗಳೂ ಇವೆ. ಅಲ್ಲಿ ಟ್ರ್ಯಾಕ್ಟರ್ ಕನಸಿನ ಮಾತು.

ಇಂಥ ಬೇಸಾಯಕ್ಕೆ ಯುರೋಪಿನಲ್ಲಿ ವೀರ ದ್ರಾಕ್ಷಿ ಕೃಷಿ ಎಂಬ ಹೆಸರೇ ಇದೆ. ಇಟಲಿಯ ಆವೋಸ್ತಾ ಕಣಿವೆಯಲ್ಲಿ ನೆಲೆಯಿರುವ ಚೆರ್ವಿಮ್ ಎಂಬ ಸಂಸ್ಥೆ ಇದಕ್ಕೆ ಅಳತೆಗೋಲು ಇಟ್ಟಿದೆ: ಶೇಕಡಾ 30 ಮೀರಿದ ಇಳಿಜಾರು, ಮಜಲು ಕಟ್ಟಿದ ನೆಲ, 500 ಮೀಟರಿಗಿಂತ ಎತ್ತರದ ತೋಟ, ಇಲ್ಲವೇ ಸಣ್ಣ ದ್ವೀಪಗಳ ತೋಟ. ರಿಬೇರಾ ಸಾಕ್ರಾದ ತೋಟಗಳು ಈ ಪಟ್ಟಿಯಲ್ಲಿ ಒಂದಲ್ಲ, ಹಲವು ಬಾರಿ ಪಾಸಾಗುತ್ತವೆ.

ಸಾಕ್ರಾ ಎಂದರೆ ಪವಿತ್ರ. ಈ ನೆಲಕ್ಕೆ ಪಾವಿತ್ರ್ಯ ಅಂಟಿದ್ದು ಮಠಗಳಿಂದ. ಎಸ್ಗೋಸ್ ಊರಿನ ಹತ್ತಿರದ ಸಾನ್ ಪೆದ್ರೊ ದೆ ರೋಕಾಸ್ ಇವುಗಳಲ್ಲಿ ಬಲು ಹಳೆಯದು. ಅಲ್ಲಿ ಸಿಕ್ಕ ಶಾಸನದ ಕಲ್ಲು ಕ್ರಿ.ಶ. 573ರದು. ಬೆಟ್ಟದ ಬಂಡೆಯನ್ನೇ ಕೊರೆದು ಮೂರು ಗರ್ಭಗುಡಿಗಳನ್ನು ಮಾಡಿದ್ದಾರೆ. ನೆಲದ ಬಂಡೆಯಲ್ಲಿ ದೇಹದ ಆಕಾರಕ್ಕೆ ತಕ್ಕಂತೆ ಗೋರಿಗಳನ್ನು ತೋಡಿದ್ದಾರೆ. ಹೊರಗೆ ಒಂದು ದೈತ್ಯ ಗುಂಡಿನ ಮೇಲೆ ಗಂಟೆಗೋಪುರ ನಿಂತಿದೆ. ಜನರಿಂದ ದೂರ ಸರಿದು ತಪಸ್ಸು ಮಾಡಲು ಬಂದವರು ಈ ಕಮರಿಯನ್ನು ಏಕೆ ಆರಿಸಿಕೊಂಡರು ಎಂದು ಅಲ್ಲಿ ಕೇಳಬೇಕಾಗಿಲ್ಲ. ಕಣ್ಣೆತ್ತಿ ಸುತ್ತ ನೋಡಿದರೆ ಸಾಕು.

ಸಿಲ್ ನದಿಯ ಎಡದಂಡೆಯ ಮೇಲೆ ಹೆಮ್ಮರಗಳ ನಡುವೆ ಇರುವ ಸಾಂತೊ ಎಸ್ತೆವೊ ದೆ ರಿಬಾಸ್ ದೆ ಸಿಲ್ ಇವೆಲ್ಲಕ್ಕೂ ದೊಡ್ಡದು. 921ರಲ್ಲಿ ದೊರೆ ಎರಡನೆಯ ಒರ್ದೋನ್ಯೊ ಫ್ರಾಂಕಿಲಾ ಎಂಬ ಮಠಾಧಿಪತಿಗೆ ಕೊಟ್ಟ ದಾನಪತ್ರದಿಂದ ಇದರ ಲಿಖಿತ ಚರಿತ್ರೆ ಆರಂಭವಾಗುತ್ತದೆ. ಒಂಬತ್ತು ಮಂದಿ ಬಿಷಪ್ಪರು ಅಧಿಕಾರ ಬಿಟ್ಟು ಇಲ್ಲಿಗೆ ಬಂದು ಕೊನೆಯ ದಿನಗಳನ್ನು ಕಳೆದರೆಂದು ಪ್ರತೀತಿ. ಮಠದ ಲಾಂಛನದಲ್ಲಿ ಒಂಬತ್ತು ಮುಕುಟಗಳಿವೆ. ಅವರ ಉಂಗುರಗಳಿಗೆ ರೋಗ ವಾಸಿಮಾಡುವ ಶಕ್ತಿ ಇತ್ತೆಂದು ಜನ ನಂಬಿದ್ದರು. ಅವು ಎಂದೋ ಕಳೆದುಹೋದವು ಎಂದುಕೊಂಡಿದ್ದಾಗ, 2020ರಲ್ಲಿ ಬಲಿಪೀಠದ ಕೆತ್ತನೆಯ ಜೀರ್ಣೋದ್ಧಾರ ನಡೆಯುವಾಗ ಒಂದು ಸಣ್ಣ ಚೀಲದಲ್ಲಿ ನಾಲ್ಕು ಉಂಗುರಗಳು ಸಿಕ್ಕವು. ಮಠಕ್ಕೆ ಮೂರು ಅಂಗಳಗಳಿವೆ. ಬಿಷಪ್ಪರ ಅಂಗಳದಲ್ಲಿ ಕೆಳಗಿನ ಅಂತಸ್ತು ರೋಮನೆಸ್ಕ್ ಶೈಲಿಯದು, ಮೇಲಿನದು ಗಾಥಿಕ್. ಶತಮಾನಗಳು ಒಂದರ ಮೇಲೊಂದು ಕೂತಿರುವುದನ್ನು ಒಂದೇ ನೋಟದಲ್ಲಿ ಕಾಣಬಹುದು.

ಅಲ್ಲಿಂದ ಕಣಿವೆಯುದ್ದಕ್ಕೂ ಪೂರ್ವಕ್ಕೆ ಹೋದರೆ ಚೆಸ್ಟ್‌ನಟ್ ಕಾಡಿನೊಳಗೆ ಸಾಂತಾ ಕ್ರಿಸ್ತಿನಾ. ಇನ್ನೂ ದಕ್ಷಿಣಕ್ಕೆ ಸಿಸ್ಟರ್ಸಿಯನ್ ಪಂಥದ ಮೊಂತೆದೆರ್ರಾಮೊ. ಆಚೆ ದಂಡೆಯ ಪಾಂತೋನ್‌ನಲ್ಲಿ ಸನ್ಯಾಸಿನಿಯರ ಫೆರ್ರೇರಾ ಮಠ. ಮೊನ್‌ಫೋರ್ಟೆಯ ಗುಡ್ಡದ ಮೇಲೆ ಸಾನ್ ವಿಸೆಂತೆ ದೊ ಪಿನೊ. ಎಲ್ಲವನ್ನೂ ಎಣಿಸಿ ವರ್ಣಿಸುವ ಜಾಗ ಇದಲ್ಲ. ಮಂಡಳಿಯ ಕಥೆಗೆ ಬೇಕಾದ್ದು ಈ ಮಠಗಳ ಒಂದು ಮುಖ ಮಾತ್ರ: ಇವು ದೊಡ್ಡ ಭೂಮಾಲಿಕರಾಗಿದ್ದವು.

ಮಠಗಳ ನೆಲವನ್ನು ರೈತರು ಗೇಣಿಗೆ ಮಾಡುತ್ತಿದ್ದರು. ಆ ಗೇಣಿಯ ಪದ್ಧತಿಗೆ ಫೋರೊ ಎಂದು ಹೆಸರು. ದಕ್ಷಿಣ ಕನ್ನಡದ ಮೂಲಗೇಣಿಯನ್ನು ಬಲ್ಲವರಿಗೆ ಇದರ ಸ್ವಭಾವ ಬೇಗ ಅರ್ಥವಾಗುತ್ತದೆ. ಮೂವರು ರಾಜರ ಆಯುಷ್ಯ, ಅದರ ಮೇಲೆ ಇನ್ನೂ 29 ವರ್ಷ ಎಂಬಂಥ ಅವಧಿಗೆ ಪತ್ರ ಬರೆದುಕೊಡುತ್ತಿದ್ದರು. ಅಷ್ಟು ಕಾಲ ನೆಲ ಒಂದೇ ಮನೆತನದ ಕೈಯಲ್ಲಿರುತ್ತದೆ, ಮಗನಿಗೂ ಮೊಮ್ಮಗನಿಗೂ ಹೋಗುತ್ತದೆ ಎಂಬ ಭರವಸೆಯಿದ್ದರಿಂದಲೇ ಬಡ ಗೇಣಿದಾರ ಕಲ್ಲು ಹೊತ್ತ. ವರ್ಷದ ಒಪ್ಪಂದಕ್ಕೆ ಯಾರೂ ಗೋಡೆ ಕಟ್ಟುವುದಿಲ್ಲ. ಬೆಳೆದ ವೈನಿನಲ್ಲಿ ಒಂದು ಪಾಲು ಮಠಕ್ಕೆ ಹೋಗುತ್ತಿತ್ತು. ಆ ಪಾಲು ರೈತನಿಗೆ ಭಾರವಾಗಿತ್ತು ಎಂಬುದನ್ನೂ ಮರೆಯಬಾರದು. ಪ್ರವಾಸಿ ಪುಸ್ತಕಗಳು ಈ ಕಣಿವೆಯ ದ್ರಾಕ್ಷಿ ತೋಟಗಳನ್ನು ಸನ್ಯಾಸಿಗಳ ಕೊಡುಗೆ ಎಂದು ಒಂದೇ ಸಾಲಿನಲ್ಲಿ ಮುಗಿಸುತ್ತವೆ. ಮಠಗಳು ಬಳ್ಳಿ ನೆಡಿಸಿದ್ದು, ವೈನಿನ ಜ್ಞಾನ ಉಳಿಸಿದ್ದು ನಿಜ. ಆದರೆ ಗೋಡೆಗಳಲ್ಲಿ ಬಹುಪಾಲು ಎದ್ದದ್ದು ಹೆಸರಿಲ್ಲದ ಗೇಣಿದಾರರ ಬೆನ್ನಿನ ಬಲದಿಂದ. ಕಲ್ಲಿನ ಮೇಲೆ ಬಿಷಪ್ಪರ ಮುಕುಟ ಕೆತ್ತಿದ್ದಾರೆ, ಗೋಡೆ ಕಟ್ಟಿದವನ ಗುರುತು ಎಲ್ಲೂ ಇಲ್ಲ. ಸ್ಮರಣೆಯ ಸಂದರ್ಭದಲ್ಲಾದರೂ ಅವನನ್ನು ಮೊದಲು ನೆನೆಯಬೇಕು.

1835ರ ನಂತರ ಈ ವ್ಯವಸ್ಥೆ ಒಮ್ಮೆಗೇ ಕುಸಿಯಿತು. ಪ್ರಧಾನಿ ಮೆಂದಿಸಾಬಲ್‌ನ ಸರ್ಕಾರ ಮಠಗಳನ್ನು ಮುಚ್ಚಿ ಆಸ್ತಿಯನ್ನು ಹರಾಜಿಗಿಟ್ಟಿತು. ಸಾಂತೊ ಎಸ್ತೆವೊದ ಸನ್ಯಾಸಿಗಳು ಚದುರಿದರು, ಪುಸ್ತಕಗಳೂ ವಿಗ್ರಹಗಳೂ ಚೆಲ್ಲಾಪಿಲ್ಲಿಯಾದವು, ಚಾವಣಿಗಳು ಬಿದ್ದವು. 1923ರಲ್ಲಿ ರಾಷ್ಟ್ರೀಯ ಸ್ಮಾರಕವೆಂದು ಘೋಷಣೆಯಾದರೂ ಕಟ್ಟಡ ಪೂರ್ತಿ ಎದ್ದು ನಿಂತದ್ದು 2004ರಲ್ಲಿ ಸರ್ಕಾರಿ ಪಾರಾದೋರ್ ಹೋಟೆಲಾಗಿ. ಗೇಣಿದಾರನ ಸ್ಥಿತಿ ಮಾತ್ರ ಬದಲಾಗಲಿಲ್ಲ. ಮಠದ ಬದಲು ಪಟ್ಟಣದ ಸಿರಿವಂತರು ಗೇಣಿ ವಸೂಲಿಗೆ ನಿಂತರು. ಫೋರೊದಿಂದ ರೈತ ಬಿಡುಗಡೆ ಪಡೆಯಲು 1926ರ ಕಾಯಿದೆ ಬರಬೇಕಾಯಿತು.

ಅಷ್ಟರಲ್ಲಿ ಬಳ್ಳಿಗೆ ರೋಗ ಬಂದಿತ್ತು. ಹತ್ತೊಂಬತ್ತನೆಯ ಶತಮಾನದ ಮಧ್ಯದಲ್ಲಿ ಬೂದಿರೋಗ, ಆಮೇಲೆ ಬೂಷ್ಟು, ಕಡೆಗೆ ಬೇರು ತಿನ್ನುವ ಫಿಲಾಕ್ಸೆರಾ ಹೇನು. ಅಮೆರಿಕದ ಬೇರಿನ ಮೇಲೆ ಕಸಿ ಕಟ್ಟುವುದೊಂದೇ ದಾರಿಯೆಂದು ಗೊತ್ತಾಗುವ ಹೊತ್ತಿಗೆ ತೋಟಗಳು ಒಣಗಿದ್ದವು. ಮತ್ತೆ ನೆಟ್ಟವರು ಬಹಳ ಕಡೆ ಸ್ಥಳೀಯ ತಳಿಗಳನ್ನು ಬಿಟ್ಟು, ಹೆಚ್ಚು ಇಳುವರಿ ಕೊಡುವ ಪಾಲೊಮಿನೊ, ಗಾರ್ನಾಚಾ ತಿಂತುರೇರಾಗಳನ್ನು ನೆಟ್ಟರು. ಬಡತನದಲ್ಲಿ ಬೇರೆ ಏನು ಮಾಡಿಯಾರು?

ಜನರೂ ಹೊರಟರು. ಸಾಂತೊ ಎಸ್ತೆವೊ ಮಠ ಇರುವ ನೊಗೇರಾ ದೆ ರಾಮುಯಿನ್ ಪ್ರದೇಶ ಸಾಣೆ ಹಿಡಿಯುವವರ ಸೀಮೆ. ಒಂದೇ ಚಕ್ರದ ಸಾಣೆಯನ್ನು ತಳ್ಳಿಕೊಂಡು, ಬಾಯಲ್ಲಿ ಪೀಪಿ ಊದುತ್ತ ಸ್ಪೇನಿನ ಊರೂರು ತಿರುಗಿ ಕತ್ತಿ ಕತ್ತರಿ ಹರಿತ ಮಾಡಿದವರು ಇವರು. ತಮ್ಮತಮ್ಮಲ್ಲೇ ಮಾತಾಡಿಕೊಳ್ಳಲು ಬಾರಾಯೆತೆ ಎಂಬ ಗುಟ್ಟಿನ ನುಡಿಯನ್ನೇ ಕಟ್ಟಿಕೊಂಡಿದ್ದರು. ಪಕ್ಕದ ಪಾರಾದಾ ದೆ ಸಿಲ್‌ನ ಗಂಡಸರು ಮ್ಯಾಡ್ರಿಡ್‌ನ ಬೀದಿಗಳಲ್ಲಿ ಗರಿಗರಿ ಬಿಸ್ಕತ್ತಿನ ಸುರುಳಿ ಮಾರಲು ಹೋಗುತ್ತಿದ್ದರು. ಕಮರಿಯ ಅಂಚಿನ ಒಂದು ಬಂಡೆಗೆ ಮ್ಯಾಡ್ರಿಡ್ ಉಪ್ಪರಿಗೆ ಎಂದು ಹೆಸರು. ದೂರದ ಊರಿಗೆ ಹೊರಟ ಗಂಡಂದಿರು ಆಚೆ ದಂಡೆಯ ದಾರಿಯಲ್ಲಿ ಮರೆಯಾಗುವ ತನಕ ಹೆಂಡಿರು ಅಲ್ಲಿ ನಿಂತು ನೋಡುತ್ತಿದ್ದರಂತೆ. ಇಂದು ಅಲ್ಲಿ ಪ್ರವಾಸಿಗರು ಫೋಟೊ ತೆಗೆಸಿಕೊಳ್ಳುತ್ತಾರೆ. ನಾನು ಅಲ್ಲಿ ಬಹಳ ಹೊತ್ತು ನಿಂತಿದ್ದೆ. ಎದುರು ದಂಡೆಯಲ್ಲಿ ಪೊದೆ ಬೆಳೆದು ಮುಚ್ಚಿಹೋದ ಮಜಲುಗಳ ಗೆರೆಗಳು ಕಾಣುತ್ತಿದ್ದವು. ಹೋದವರು ತಿರುಗಿ ಬಾರದಿದ್ದರೆ ಏನಾಗುತ್ತದೆ ಎಂಬುದು ಆ ಗೆರೆಗಳಲ್ಲೇ ಇತ್ತು.

1883ರಲ್ಲಿ ದೊರೆ ಹನ್ನೆರಡನೆಯ ಅಲ್ಫೋನ್ಸೊ ಮೊನ್‌ಫೋರ್ಟೆಗೆ ಬಂದು ರೈಲುಮಾರ್ಗ ಉದ್ಘಾಟಿಸಿದ. ಪಟ್ಟಣ ದೊಡ್ಡ ಜಂಕ್ಷನ್ ಆಯಿತು. ಆ ರೈಲು ವೈನನ್ನು ಹೊರಗೆ ಒಯ್ದದ್ದಕ್ಕಿಂತ ಹೆಚ್ಚಾಗಿ ಜನರನ್ನು ಬಂದರುಗಳಿಗೆ ಒಯ್ದಿತು. ಅಲ್ಲಿಂದ ಹಡಗು ಹತ್ತಿ ಕ್ಯೂಬಾ, ಅರ್ಜೆಂಟೀನಾ. ಇಪ್ಪತ್ತನೆಯ ಶತಮಾನದ ನಡುವಿನಲ್ಲಿ ಬಾರ್ಸಿಲೋನಾ, ಸ್ವಿಟ್ಜರ್ಲೆಂಡ್, ಜರ್ಮನಿ.

ಅದೇ ವರ್ಷಗಳಲ್ಲಿ ನದಿಗಳಿಗೆ ಅಡ್ಡಗೋಡೆ ಬಿತ್ತು. ಸಿಲ್‌ಗೆ ಸಾಂತೊ ಎಸ್ತೆವೊ ಅಣೆಕಟ್ಟು 1950ರ ದಶಕದಲ್ಲಿ, ಮಿನ್ಯೋಗೆ ಬೆಲೆಸಾರ್ ಅಣೆಕಟ್ಟು 1963ರಲ್ಲಿ. ಬೆಲೆಸಾರ್ ಹಿನ್ನೀರಿನಲ್ಲಿ ಹಳೆಯ ಪೋರ್ತೊಮಾರಿನ್ ಪಟ್ಟಣ ಮುಳುಗಿತು. ಅದರ ಇಗರ್ಜಿಯನ್ನು ಕಲ್ಲು ಕಲ್ಲಾಗಿ ಬಿಚ್ಚಿ ಗುಡ್ಡದ ಮೇಲೆ ಮತ್ತೆ ಕಟ್ಟಿದರು. ದ್ರಾಕ್ಷಿ ತೋಟಗಳಿಗೆ ಆ ಭಾಗ್ಯ ಇರಲಿಲ್ಲ. ನದಿಗೆ ಹತ್ತಿರದ, ಬೆಚ್ಚಗಿನ ಕೆಳಮಜಲುಗಳು ನೀರಿನಡಿ ಹೋದವು. ಈಗ ದೋಣಿಯಲ್ಲಿ ಹೋಗುವಾಗ ನೀರಿನ ಮಟ್ಟದಲ್ಲೇ ಗೋಡೆಯೊಂದು ಕಾಣಿಸಿಕೊಂಡು ಒಳಗೆ ಇಳಿದುಹೋಗುತ್ತದೆ. ಎಷ್ಟು ಕೆಳಗಿನವರೆಗೆ ಎಂದು ಮೇಲಿನಿಂದ ಹೇಳಲಾಗದು.

1970ರ ಹೊತ್ತಿಗೆ ಕಣಿವೆಯಲ್ಲಿ ಉಳಿದವರು ಬಹುಮಟ್ಟಿಗೆ ಮುದುಕರು. ಅವರು ಮಾಡುತ್ತಿದ್ದ ವೈನ್ ಮನೆಬಳಕೆಗೆ, ಹತ್ತಿರದ ಹೋಟೆಲುಗಳಿಗೆ. ತೋಟದ ನಡುವೆಯೇ ಇರುವ ಅದೆಗಾ ಎಂಬ ಪುಟ್ಟ ಕಲ್ಲುಮನೆಗಳಲ್ಲಿ ದ್ರಾಕ್ಷಿ ತುಳಿದು, ಪೀಪಾಯಿಗಳಲ್ಲಿ ಇಟ್ಟು, ಸೋಬೆರ್ ಬಳಿಯ ಗುಂದಿವೋಸ್ ಊರಿನ ಕುಂಬಾರರು ಮಾಡುವ, ರಾಳ ಬಳಿದ ಕಪ್ಪು ಹೂಜಿಗಳಲ್ಲಿ ಮೇಜಿಗೆ ತರುತ್ತಿದ್ದರು. ಬಾಟಲಿ ಇಲ್ಲ, ಲೇಬಲ್ ಇಲ್ಲ, ವರ್ಷ ಇಲ್ಲ. ಬೆಲೆಯೂ ಇಲ್ಲ. ಒಂದು ಬುಟ್ಟಿ ದ್ರಾಕ್ಷಿಯನ್ನು ಕಮರಿಯಿಂದ ಮೇಲಕ್ಕೆ ಹೊರುವ ಕೂಲಿಯೂ ಹುಟ್ಟದ ವೈನಿಗಾಗಿ ಯಾರು ಗೋಡೆ ರಿಪೇರಿ ಮಾಡುತ್ತಾರೆ? ಒಂದು ಮಳೆಗಾಲದಲ್ಲಿ ಕಲ್ಲು ಜಾರುತ್ತದೆ, ಮರುವರ್ಷ ಅದರ ಹಿಂದಿನ ಮಣ್ಣು ಹೋಗುತ್ತದೆ, ಆಮೇಲೆ ಮೇಲಿನ ಮಜಲೂ ಕೆಳಗಿನ ಮಜಲೂ ಜೊತೆಗೇ ಹೋಗುತ್ತವೆ. ಗೋಡೆಯ ಸಾವಿಗೆ ಸದ್ದಿಲ್ಲ.

ಬದಲಾವಣೆ ಮೊದಲು ಕಂಡದ್ದು ಜಾತ್ರೆಗಳಲ್ಲಿ. ಸೋಬೆರ್‌ನಲ್ಲಿ ಗರಿಗಳ ಭಾನುವಾರದ ಹೊತ್ತಿಗೆ ನಡೆಯುವ ಅಮಾಂದಿ ವೈನ್ ಜಾತ್ರೆ, ಚಾಂತಾದಾ, ಕಿರೋಗಾ, ಪಾಂತೋನ್‌ಗಳ ವಸಂತದ ಜಾತ್ರೆಗಳು ಬೆಳೆಗಾರರನ್ನು ಒಂದೆಡೆ ಸೇರಿಸಿದವು. ನೆರೆಹೊರೆಯವನ ವೈನ್ ಪಕ್ಕದಲ್ಲೇ ಇಟ್ಟು ಹೋಲಿಸಿ ನೋಡುವ ಅವಕಾಶ ಸಿಕ್ಕಾಗ ಕೆಟ್ಟದ್ದು ಯಾವುದು, ಒಳ್ಳೆಯದು ಯಾವುದು, ಏಕೆ ಎಂಬ ಚರ್ಚೆ ಹುಟ್ಟುತ್ತದೆ. ಹತ್ತಿರದ ವಾಲ್ದೆಓರಾಸ್‌ನಲ್ಲಿ 1970ರ ದಶಕದಲ್ಲೇ ಅಳಿಯುತ್ತಿದ್ದ ಗೊದೆಲ್ಯೊ ತಳಿಯನ್ನು ಹುಡುಕಿ ಬೆಳೆಸಿದ ಪ್ರಯತ್ನ ಫಲ ಕೊಟ್ಟಿತ್ತು. ಆ ಕಣ್ಣೆದುರಿನ ಉದಾಹರಣೆ ಇಲ್ಲಿಯೂ ಧೈರ್ಯ ತುಂಬಿತು. ಕೆಲವರು ಸ್ಟೀಲ್ ತೊಟ್ಟಿ ತಂದರು, ಬಾಟಲಿ ತುಂಬಿದರು, ತಮ್ಮ ಊರಿನ ಹೆಸರು ಹಾಕಿದರು.

1996ರಲ್ಲಿ ಈ ಹೆಸರಿಗೆ ಕಾನೂನಿನ ರಕ್ಷಣೆ ಬಂತು. ನಮ್ಮಲ್ಲಿ ಭೌಗೋಳಿಕ ಸೂಚನೆ ಎನ್ನುವ ಹಕ್ಕಿನ ಹಿರಿಯಣ್ಣ ಎನ್ನಬಹುದಾದ ಮೂಲಸ್ಥಾನ ಮಾನ್ಯತೆ ಅದು. ಅದನ್ನು ಕಾಯುವ ಕೆಲಸ ಬೆಳೆಗಾರರ, ವೈನ್ ತಯಾರಕರ ಪ್ರತಿನಿಧಿಗಳಿರುವ ಮಂಡಳಿಯದಾಯಿತು. ಇಡೀ ಪ್ರದೇಶವನ್ನು ಐದು ಉಪವಲಯಗಳಾಗಿ ಹಂಚಿದರು. ಈ ಹಂಚಿಕೆ ಕಡತಕ್ಕಾಗಿ ಎಳೆದ ಗೆರೆಯಲ್ಲ, ಸೂರ್ಯನ ಲೆಕ್ಕ. ಸಿಲ್‌ನ ಉತ್ತರ ದಂಡೆಯ ಅಮಾಂದಿ ದಕ್ಷಿಣಕ್ಕೆ ಮುಖಮಾಡಿ ದಿನವಿಡೀ ಬಿಸಿಲು ಕುಡಿಯುತ್ತದೆ. ಅದರ ಕೆಂಪು ವೈನಿಗೆ ಮೊದಲಿನಿಂದಲೂ ಹೆಸರು. ಅದರ ಎದುರಿನ ರಿಬೇರಾಸ್ ದೊ ಸಿಲ್ ಉತ್ತರಮುಖಿ, ತಂಪು, ಬಿಳಿ ವೈನಿಗೂ ಹೇಳಿ ಮಾಡಿಸಿದ ಜಾಗ. ಮಿನ್ಯೋದ ಬಲದಂಡೆಯ ಚಾಂತಾದಾ ಬೆಳಗಿನ ಬಿಸಿಲಿನದು, ಎಡದಂಡೆಯ ರಿಬೇರಾಸ್ ದೊ ಮಿನ್ಯೋ ಸಂಜೆ ಬಿಸಿಲಿನದು. ಪೂರ್ವದ ಕಿರೋಗಾ-ಬಿಬೇಯ್ ಕಡಲಿನಿಂದ ದೂರ. ಅಲ್ಲಿ ಬೇಸಿಗೆಯೂ ಕಟು, ಚಳಿಯೂ ಕಟು. ಅಲ್ಲಿ ಆಲಿವ್ ಮರಗಳೂ ಬೆಳೆಯುತ್ತವೆ. ಮಳೆಗೆ ಹೆಸರಾದ ಗಲೀಸಿಯಾದೊಳಗೆ ಈ ಕಮರಿ ಮೆಡಿಟರೇನಿಯನ್ ಹವೆಯ ಒಂದು ಪುಟ್ಟ ದ್ವೀಪ.

ಮಂಡಳಿಯ ನಿಯಮಗಳ ನಡುವೆ ನನಗೆ ಬಹಳ ಮುಖ್ಯ ಎನಿಸುವುದು ತಳಿಗಳ ವಿಷಯ. ಮೆನ್ಸಿಯಾ ಇಲ್ಲಿಯ ಮುಖ್ಯ ಕೆಂಪು ದ್ರಾಕ್ಷಿ. ಇದು ಬೋರ್ಡೋದ ಕ್ಯಾಬರ್ನೆ ಫ್ರಾಂಕ್‌ನ ಬಂಧು ಎಂದು ಒಂದು ಕಾಲದಲ್ಲಿ ಹೇಳುತ್ತಿದ್ದರು. ಡಿಎನ್‌ಎ ಪರೀಕ್ಷೆ ಅದನ್ನು ಅಲ್ಲಗಳೆದು, ಪೋರ್ಚುಗಲ್‌ನ ದಾವ್ ಸೀಮೆಯ ಜಯೆನ್ ಇದೇ ಎಂದು ತೋರಿಸಿತು. ಮೆರೆನ್ಸಾವ್ ಎಂಬ ಇನ್ನೊಂದು ತಳಿ ಫ್ರಾನ್ಸಿನ ಜುರಾ ಸೀಮೆಯ ತ್ರೂಸೋ ಎಂಬುದಾಗಿ ಗೊತ್ತಾಯಿತು. ಬ್ರಾಂಸೆಲ್ಯಾವ್, ಸೌಸೋನ್, ಕಾಯಿನ್ಯೊ ಇವೆಲ್ಲ ಮುದಿ ತೋಟಗಳ ಮೂಲೆಯಲ್ಲಿ ಒಂದೊಂದು ಬಳ್ಳಿಯಾಗಿ ಉಳಿದಿದ್ದವು. ಇಂಥವನ್ನು ಮೆಚ್ಚಿನ ತಳಿಗಳೆಂದು ನಿಯಮದಲ್ಲೇ ಎತ್ತಿಹಿಡಿದದ್ದರಿಂದ ಅವಕ್ಕೆ ಬೆಲೆ ಬಂತು, ಬೆಲೆ ಬಂದದ್ದರಿಂದ ಮತ್ತೆ ನೆಡುವವರು ಹುಟ್ಟಿಕೊಂಡರು. ಇಂದು ಕಣಿವೆಯ ಹೆಸರಾಂತ ವೈನ್ ಮನೆಗಳು ಈ ಮರೆತ ತಳಿಗಳಿಂದಲೇ ಬಾಟಲಿ ತುಂಬಿ ನ್ಯೂಯಾರ್ಕ್, ಲಂಡನ್‌ಗಳಿಗೆ ಕಳಿಸುತ್ತಿವೆ.

ಈಗ ಮಂಡಳಿಯ ನೋಂದಣಿಯಲ್ಲಿರುವ ತೋಟಗಳ ವಿಸ್ತಾರ ಸುಮಾರು 1,200 ಹೆಕ್ಟೇರ್, ಬೆಳೆಗಾರರು ಎರಡು ಸಾವಿರಕ್ಕೂ ಹೆಚ್ಚು. ಭಾಗಿಸಿ ನೋಡಿದರೆ ತಲೆಗೆ ಅರ್ಧ ಹೆಕ್ಟೇರ್ ಚಿಲ್ಲರೆ. ಅದೂ ಒಂದೇ ಕಡೆ ಇರುವುದಿಲ್ಲ. ಅಜ್ಜನ ಪಾಲು, ಅಜ್ಜಿಯ ಪಾಲು ಎಂದು ಹರಿದು ಹಂಚಿದ ಚೂರುಗಳು. ಹೀಗಾಗಿ ಮಂಡಳಿಯ ನಕ್ಷೆಗಳನ್ನು ಸರಿಯಾಗಿಡುವುದು ಬ್ರಹ್ಮವಿದ್ಯೆ. ಯಾವ ಚೂರು ಯಾರದು, ಯಾವ ಚೂರಿನಲ್ಲಿ ಎಷ್ಟು ಬಳ್ಳಿ ಎಂಬ ದಾಖಲೆ ಇಲ್ಲದಿದ್ದರೆ ಬಾಟಲಿಯ ಬೆನ್ನಿನ ಚೀಟಿಗೆ ಅರ್ಥವೇ ಇಲ್ಲ. ಸಂಭ್ರಮದ ಭಾಷಣಗಳಲ್ಲಿ ಈ ಗುಮಾಸ್ತಿಕೆಯನ್ನು ಯಾರೂ ನೆನೆಯುವುದಿಲ್ಲ. ಮೂವತ್ತು ವರ್ಷ ಅದನ್ನು ತಾಳ್ಮೆಯಿಂದ ಮಾಡಿದವರಿಗೆ ನನ್ನ ಗೌರವ ಸಲ್ಲಬೇಕು.

ನಾನು ಹೋದದ್ದು ಸೆಪ್ಟೆಂಬರಿನ ಕೊನೆಯಲ್ಲಿ, ಕೊಯ್ಲಿನ ನಡುವೆ. ದೊಆದೆ ಎಂಬ ಊರಿನಿಂದ ಕೆಳಗಿಳಿಯುವ ದಾರಿಯುದ್ದಕ್ಕೂ ಇಡೀ ಕುಟುಂಬಗಳು ಮಜಲುಗಳ ಮೇಲೆ ಹರಡಿಕೊಂಡಿದ್ದವು. ಸಾಲಿನಿಂದ ಸಾಲಿಗೆ ಪ್ಲಾಸ್ಟಿಕ್ ಕ್ರೇಟುಗಳು ಕೈ ದಾಟುತ್ತಿದ್ದವು. ಒಂದೆಡೆ ಒಂಟಿಹಳಿಯ ಪುಟ್ಟ ಗಾಡಿ ಮೋಟಾರಿನ ಬಲದಿಂದ ಗೋಡೆಯಂಥ ಇಳಿಜಾರನ್ನು ಏರುತ್ತಿತ್ತು; ಹಳಿ ಇಲ್ಲದ ಕಡೆ ಹೆಗಲೇ ಗತಿ. ರಸ್ತೆ ತಲುಪದ ತೋಟಗಳ ದ್ರಾಕ್ಷಿಯನ್ನು ದೋಣಿಗೆ ತುಂಬುತ್ತಾರೆ. ತೋಟಗಳನ್ನು ಮುಳುಗಿಸಿದ ಅದೇ ಹಿನ್ನೀರು ಈಗ ಉಳಿದ ತೋಟಗಳ ಸರಕು ಸಾಗಿಸುತ್ತದೆ. ಕೊಯ್ಯುತ್ತಿದ್ದವರಲ್ಲಿ ತಲೆ ನರೆತವರು ಬಹಳ. ರಜೆ ಹಾಕಿ ಪಟ್ಟಣದಿಂದ ಬಂದ ಮಕ್ಕಳು, ಸೊಸೆಯಂದಿರು ಅವರ ಜೊತೆಗೆ. ಮಧ್ಯಾಹ್ನ ಅದೆಗಾದ ಮುಂದೆ ಹಲಗೆಯ ಮೇಲೆ ಎಂಪಾನಾದಾ, ಬೇಯಿಸಿದ ಆಕ್ಟೋಪಸ್, ಕಳೆದ ವರ್ಷದ ವೈನ್. ಅಪರಿಚಿತನನ್ನೂ ಕೂರಿಸಿಕೊಂಡು ಬಡಿಸಿದರು.

ಮಾನ್ಯತೆಗಳ ವಿಷಯದಲ್ಲಿ ಈ ನೆಲಕ್ಕೆ ಅದೃಷ್ಟ ಅರ್ಧರ್ಧ. ಮಂಡಳಿ ಹುಟ್ಟಿದ 1996ರಲ್ಲೇ ಸ್ಪೇನ್ ರಿಬೇರಾ ಸಾಕ್ರಾವನ್ನು ಯುನೆಸ್ಕೊ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿಸಿತು. 2018ರಲ್ಲಿ ಗಲೀಸಿಯಾ ಸರ್ಕಾರ ಇದನ್ನು ಸಾಂಸ್ಕೃತಿಕ ಭೂದೃಶ್ಯವೆಂದು ಸಾರಿತು. ಅದೇ ವರ್ಷ ಗಾರೆ ಇಲ್ಲದ ಕಲ್ಲುಗೋಡೆ ಕಟ್ಟುವ ಕಲೆ ಸ್ಪೇನೂ ಸೇರಿದ ಎಂಟು ದೇಶಗಳ ಹೆಸರಿನಲ್ಲಿ ಯುನೆಸ್ಕೊದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿತು. 2021ರಲ್ಲಿ ವಿಶ್ವ ಪರಂಪರೆಯ ಅರ್ಜಿಯನ್ನು ಸ್ಪೇನ್ ಹಿಂದಕ್ಕೆ ಪಡೆಯಬೇಕಾಯಿತು. ಆದರೆ ಅದೇ ವರ್ಷ ನೆರೆಯ ಓರಿಬಿಯೊ, ಕೌರೆಲ್ ಬೆಟ್ಟಗಳ ಜೊತೆಗೆ ಜೀವಗೋಲ ಮೀಸಲು ಪ್ರದೇಶದ ಪಟ್ಟ ಸಿಕ್ಕಿತು. ಇವು ಎಲ್ಲವೂ ಸಂತೋಷದ ಸುದ್ದಿಗಳೇ. ಆದರೆ ಜಾರಿದ ಕಲ್ಲನ್ನು ಯಾವ ಪಟ್ಟವೂ ಎತ್ತಿ ಕೂರಿಸುವುದಿಲ್ಲ.

ಅಪಾಯಗಳು ಈಗಲೂ ಕಣ್ಣಮುಂದಿವೆ. 2025ರ ಆಗಸ್ಟ್‌ನಲ್ಲಿ ಔರೆನ್ಸೆ ಪ್ರಾಂತದ ಪೂರ್ವಭಾಗವನ್ನು ಭಾರಿ ಕಾಳ್ಗಿಚ್ಚು ಸುಟ್ಟಿತು. ಬೇಸಾಯ ನಿಂತ ನೆಲದಲ್ಲಿ ಪೊದೆ ಬೆಳೆಯುತ್ತದೆ, ಪೊದೆ ಬೆಂಕಿಗೆ ಮೇವು. ಉಳುಮೆ ಇರುವ ದ್ರಾಕ್ಷಿ ತೋಟ ಬೆಂಕಿಗೆ ತಡೆ. ಅಂದಮೇಲೆ ಒಂದು ಮಜಲನ್ನು ಬೇಸಾಯದಲ್ಲಿ ಉಳಿಸಿಕೊಳ್ಳುವುದು ಅದರ ಒಡೆಯನ ಸ್ವಂತ ವಿಷಯ ಮಾತ್ರವಾಗಿ ಉಳಿಯುವುದಿಲ್ಲ. ಅದರ ಮೇಲಿನ ಹಳ್ಳಿಯ ರಕ್ಷಣೆಯೂ ಆಗುತ್ತದೆ. ಆ ಒಡೆಯನಿಗೆ ಸಿಗುವ ದ್ರಾಕ್ಷಿ ಬೆಲೆಯಲ್ಲಿ ಇದರ ಲೆಕ್ಕ ಸೇರಿಲ್ಲ.

ಇಲ್ಲಿ ಮಂಡಳಿಯೊಡನೆ ನನ್ನದೊಂದು ತಕರಾರು ಇದೆ. ಮಾನ್ಯತೆಯ ಗಡಿಯೊಳಗೆ ಕಡಿದಾದ ಕಮರಿಯ ತೋಟಗಳೂ ಇವೆ, ಯಂತ್ರ ಓಡಾಡುವಂಥ ಸೌಮ್ಯ ಇಳಿಜಾರಿನ ತೋಟಗಳೂ ಇವೆ. ಎರಡರ ದುಡಿಮೆಗೂ ಅಜಗಜಾಂತರ. ಬಾಟಲಿಯ ಬೆನ್ನಿನ ಮೇಲೆ ಎರಡಕ್ಕೂ ಒಂದೇ ಹೆಸರು. ಹೆಸರಿಗೆ ಮರ್ಯಾದೆ ತಂದದ್ದು ಕಮರಿಯ ಗೋಡೆಗಳು, ಜಾಹೀರಾತಿನ ಚಿತ್ರಗಳಲ್ಲಿ ಕಾಣುವುದೂ ಅವೇ. ಹಾಗಿದ್ದ ಮೇಲೆ ಆ ಗೋಡೆಗಳನ್ನು ನಿಲ್ಲಿಸುವವನಿಗೆ ಕಿಲೋಗೆ ಹೆಚ್ಚು ಬೆಲೆ ಸಿಗುವ ಹಾದಿಯನ್ನು ಮಂಡಳಿಯೇ ತೆರೆಯಬೇಕು. ಕೆಲವು ಒಳ್ಳೆಯ ತಯಾರಕರು ಮಂಡಳಿಯ ಮುದ್ರೆಯನ್ನೇ ಬಿಟ್ಟು ತಮ್ಮ ಹೆಸರಿನಲ್ಲೇ ಮಾರುವ ದಾರಿ ಹಿಡಿದಿರುವುದು ಅವರ ಆಯ್ಕೆ. ಆದರೆ ಅರ್ಧ ಹೆಕ್ಟೇರಿನ ಬೆಳೆಗಾರನಿಗೆ ಸ್ವಂತ ಹೆಸರಿನ ಬಲವಿಲ್ಲ. ಅವನಿಗೆ ಇರುವುದು ಈ ಮಂಡಳಿಯೊಂದೇ. ಮಠಗಳು ದೀರ್ಘ ಗೇಣಿಯ ಭರವಸೆಯಿಂದ ಅವನ ಪೂರ್ವಜರನ್ನು ಇಳಿಜಾರಿನ ಮೇಲೆ ನಿಲ್ಲಿಸಿದವು. ಈ ಕಾಲದಲ್ಲಿ ಅವನನ್ನು ನಿಲ್ಲಿಸಬಲ್ಲದ್ದು ನ್ಯಾಯವಾದ ಬೆಲೆ, ಮತ್ತು ಬಿಟ್ಟುಹೋದ ನೆಲವನ್ನು ಯುವಕರಿಗೆ ಹಲವು ವರ್ಷಗಳ ಗೇಣಿಗೆ ಕೊಡಿಸುವ ಏರ್ಪಾಡು. ಹಾಗೆ ಹಿರಿಯರ ತೋಟ ಗೇಣಿಗೆ ಹಿಡಿದು ಗೋಡೆ ಎತ್ತುತ್ತಿರುವ ಮೂವತ್ತರ ಆಸುಪಾಸಿನ ದಂಪತಿಯನ್ನು ನಾನು ಸೋಬೆರ್ ಬಳಿ ಕಂಡೆ. ವೈನಿನ ವಿಷಯ ಕೇಳಿದರೆ ಒಂದೆರಡು ಮಾತಿನಲ್ಲಿ ಮುಗಿಸಿ, ತಾವು ಮತ್ತೆ ಕಟ್ಟಿದ ಗೋಡೆಯನ್ನು ತೋರಿಸಲು ಕರೆದೊಯ್ದರು. ಮೂಲೆಗಲ್ಲನ್ನು ಹೇಗೆ ಒಳಮುಖವಾಗಿ ಓಲಿಸಿ ಕೂರಿಸಬೇಕು, ನೀರು ಬಸಿಯಲು ಹಿಂದೆ ಜಲ್ಲಿ ಎಷ್ಟು ತುಂಬಬೇಕು ಎಂದು ಹಳ್ಳಿಯ ಮುದುಕರೊಬ್ಬರು ಕಲಿಸಿದ್ದನ್ನು ವಿವರಿಸಿದರು.

ಪ್ರತಿ ಕೊಯ್ಲು ಮುಗಿದ ಮೇಲೆ ಮಂಡಳಿ ಎಷ್ಟು ಕಿಲೋ ದ್ರಾಕ್ಷಿ ಬಂತು ಎಂದು ಪ್ರಕಟಿಸುತ್ತದೆ. ಪತ್ರಿಕೆಗಳು ಅದನ್ನೇ ತಲೆಬರಹ ಮಾಡುತ್ತವೆ. ನಾಲ್ಕನೆಯ ದಶಕಕ್ಕೆ ಕಾಲಿಡುವಾಗ ಆ ಪ್ರಕಟಣೆಗೆ ಇನ್ನೊಂದು ಅಂಕಿ ಸೇರಲಿ ಎಂಬುದು ನನ್ನ ಕೋರಿಕೆ: ಆ ವರ್ಷ ಎಷ್ಟು ಮೀಟರ್ ಗೋಡೆ ಬಿತ್ತು, ಎಷ್ಟು ಮೀಟರ್ ಮತ್ತೆ ಎದ್ದಿತು. ನಕ್ಷೆಗಳು ಮಂಡಳಿಯ ಬಳಿ ಇವೆ, ತೋಟ ತೋಟಕ್ಕೆ ಹೋಗುವ ತಪಾಸಣೆಗಾರರೂ ಇದ್ದಾರೆ. ಅಳತೆಪಟ್ಟಿಯೊಂದನ್ನು ಅವರ ಕೈಗೆ ಕೊಟ್ಟರೆ 2026ರ ಕೊಯ್ಲಿನಿಂದಲೇ ಈ ಲೆಕ್ಕ ಶುರುವಾಗಬಹುದು.